ಕಣ್ಣು ಕೆಂಪಾದವನ ಮನೆ ಯಾವುದು?

ಮೊನ್ನೆ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಅಬಿಡ್ಸಿನ ಹೋಟೆಲುಗಳು ಬಾಗಿಲೆಳೆದುಕೊಂಡ ಮೇಲೆ, ಒಬ್ಬ ಸಪ್ಲೈಯರ್ ಹುಡುಗ ನಮ್ಮ ಸಂಘದ ಕಚೇರಿಯ ಮೆಟ್ಟಿಲು ಹತ್ತಿ ಬಂದನು. ರಾತ್ರಿಯ ಹೊತ್ತಿನಲ್ಲಿ ಕಪ್ಪು ಕನ್ನಡಕ. ತೆಗೆ ಎಂದರೆ ತೆಗೆಯಲೊಲ್ಲ. ಕಡೆಗೆ ತೆಗೆದಾಗ ಎಡಗಣ್ಣು ಕೆಂಡದ ಹಾಗಿತ್ತು. ರೆಪ್ಪೆ ಊದಿ ನೀರಿಳಿಯುತ್ತಿತ್ತು. ಔಷಧ ಬೇಕೋ, ದುಡ್ಡು ಬೇಕೋ ಎಂದು ಕೇಳಿದೆವು. ಎರಡೂ ಬೇಡವೆಂದನು. "ಅಣ್ಣಾ, ನಾಳೆ ಕೆಲಸಕ್ಕೆ ಹೋಗಲಾ, ಬೇಡವಾ? ಅದೊಂದು ಹೇಳಿ" ಎಂದನು.

ಇಷ್ಟು ಸಣ್ಣ ಮಾತಿಗೂ ಸಂಪಾದಕೀಯವೇ ಎಂದು ನಮ್ಮ ಓದುಗ ಬಾಂಧವರು ಕೇಳಬಹುದು. ಸಂಬಳ, ಕೆಲಸದ ಗಂಟೆ, ವಾರದ ರಜೆ ಇವುಗಳ ವಿಷಯ ಬರೆಯುವ ಜಾಗದಲ್ಲಿ ಕಣ್ಣು ಬೇನೆಯ ಪುರಾಣವೇಕೆ? ಉತ್ತರವಿಷ್ಟೇ: ಆ ಹುಡುಗನ ಒಂದು ಪ್ರಶ್ನೆಯೊಳಗೆ ಸಂಬಳವೂ ಇದೆ, ರಜೆಯೂ ಇದೆ, ಮಲಗುವ ಜಾಗವೂ ಇದೆ, ಕೆಲಸ ಹೋದೀತೆಂಬ ಹೆದರಿಕೆಯೂ ಇದೆ. ಕಣ್ಣಿನ ಬೇನೆ ವಾರದಲ್ಲಿ ಇಳಿಯುತ್ತದೆ. ಉಳಿದವು ಇಳಿಯುವುದಿಲ್ಲ.

ಡಾಕ್ಟರರನ್ನು ಕೇಳಿದರೆ ಉತ್ತರ ಒಂದೇ ಮಾತಿನದು: ಮನೆಯಲ್ಲಿರು, ಕಣ್ಣಿನಿಂದ ನೀರು, ಗೀಜು ಬರುವುದು ನಿಲ್ಲುವ ತನಕ ಹೊರಗೆ ಹೋಗಬೇಡ. ಒಳ್ಳೆಯ ಮಾತು. ಆದರೆ ಹೋಟೆಲು ಕೆಲಸಗಾರನ ಮನೆ ಯಾವುದು? ನಮ್ಮಲ್ಲಿ ಹೆಚ್ಚಿನವರ ಮನೆಯೆಂದರೆ ಹೋಟೆಲಿನ ಮೇಲಿನ ಅಂತಸ್ತಿನ ಕೋಣೆ, ಇಲ್ಲವೇ ಹಿಂದಿನ ಗಲ್ಲಿಯ ಬಾಡಿಗೆ ಕೋಣೆ. ಎಂಟು ಚಾಪೆ, ಒಂದು ನಲ್ಲಿ, ಒಂದು ಬಕೀಟು, ಬಾಗಿಲ ಹಿಂದಿನ ಹಗ್ಗದ ಮೇಲೆ ಬೈರಾಸುಗಳ ಸಾಲು. ಕತ್ತಲಲ್ಲಿ ಕೈಗೆ ಸಿಕ್ಕಿದ್ದೇ ತನ್ನ ಬೈರಾಸು. ಈ ಕೋಣೆಯಲ್ಲಿ ಒಬ್ಬನು 'ಮನೆಯಲ್ಲಿದ್ದರೆ' ಏಳು ಮಂದಿಗೆ ಬೇನೆ ಅಂಟುವುದು ಖಂಡಿತ. ಊರಿನ ಮನೆಗೆ ಹೋಗೋಣವೆಂದರೆ ಕುಂದಾಪುರ, ಉಡುಪಿ ಕಡೆಯವನಿಗೆ ಒಂದು ರಾತ್ರಿ ಮೀರಿದ ದಾರಿ. ಕಣ್ಣೊರೆಸಿದ ಕೈಯಲ್ಲೇ ಬಸ್ಸಿನ ಕಂಬಿ ಹಿಡಿದು ಹೋಗುವುದು, ಮನೆಯಲ್ಲಿ ಮಕ್ಕಳನ್ನೆತ್ತಿಕೊಳ್ಳುವುದು. ಅದೂ ದಾರಿಯಲ್ಲ.

ಇದನ್ನು ಕಂಡವರ ಕಥೆಯೆಂದು ಬರೆಯುತ್ತಿಲ್ಲ. ಈ ಸಾಲುಗಳನ್ನು ಬರೆಯುವವನೇ ಒಮ್ಮೆ ಈ ತಪ್ಪು ಮಾಡಿದವನು.

2023ನೆಯ ಇಸವಿಯ ಜುಲೈ ಕಡೆಯಲ್ಲಿ ತೆಲಂಗಾಣಕ್ಕೆ ವಿಪರೀತ ಮಳೆ ಹೊಯ್ದದ್ದು ಹಲವರಿಗೆ ನೆನಪಿರಬಹುದು. ಆ ಮಳೆಯ ಜೊತೆಯಲ್ಲೇ ಕಣ್ಣು ಬೇನೆ ಊರೆಲ್ಲ ಹಬ್ಬಿತು. ಹೈದರಾಬಾದು ಮಾತ್ರವಲ್ಲ, ಆ ವರ್ಷ ಕರ್ನಾಟಕ, ಮಹಾರಾಷ್ಟ್ರ, ದೆಹಲಿ ಎಲ್ಲೆಲ್ಲಿಯೂ ಅದೇ ಮಾತು. ಮೆಹದಿಪಟ್ಟಣದ ಸರೋಜಿನಿ ದೇವಿ ಕಣ್ಣಾಸ್ಪತ್ರೆಯ ಮುಂದೆ ಬೆಳಿಗ್ಗೆಯಿಂದಲೇ ಜನರ ಸಾಲು. ನಾನಾಗ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಹೋಟೆಲಿನ ಹೆಸರು ಬೇಡ. ಹೆಸರು ಹೇಳಿದರೆ ಅಲ್ಲಿ ಮಾತ್ರ ಹೀಗೆಂದು ಉಳಿದವರು ಸಮಾಧಾನಪಟ್ಟುಕೊಂಡಾರು. ಒಂದು ಬೆಳಿಗ್ಗೆ ಏಳುವಾಗ ಬಲಗಣ್ಣಿನ ರೆಪ್ಪೆ ಅಂಟಿಕೊಂಡಿತ್ತು, ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಬೇನೆಯೆಂದು ಗೊತ್ತಾಯಿತು. ತಿಂಗಳ ಕಡೆ, ಊರಿಗೆ ಹಣ ಕಳಿಸುವ ಸಮಯ. ಒಂದು ದಿನ ಬಿಟ್ಟರೆ ಹಾಜರಿಯೂ ಇಲ್ಲ, ಭಕ್ಷೀಸೂ ಇಲ್ಲ. ಫುಟ್‌ಪಾತಿನಲ್ಲಿ ಒಂದು ಕಪ್ಪು ಕನ್ನಡಕ ಕೊಂಡು ಕೆಲಸಕ್ಕೆ ನಿಂತೆ.

ಎರಡು ದಿನ ನಡೆಯಿತು. ಮೂರನೆಯ ದಿನ ಗಲ್ಲಾದ ಮೇಲಿದ್ದವರ ಕಣ್ಣಿಗೆ ನನ್ನ ಕಣ್ಣು ಬಿತ್ತು. ಅವರು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. "ಗಿರಾಕಿಗಳಿಗೆ ಕಾಣಬೇಡ, ನಾಲ್ಕು ದಿನ ಒಳಗಡೆ ತಟ್ಟೆ ತೊಳೆಯುವಲ್ಲಿ ನಿಲ್ಲು" ಎಂದರು. ಕಣ್ಣಿನ ನೀರು ಒರೆಸಿದ ಕೈಯಿಂದ ನೂರಾರು ಜನ ಉಣ್ಣುವ ತಟ್ಟೆ, ಲೋಟ ಜೋಡಿಸುವ ಕೆಲಸ! ಬೇನೆ ಕಾಣದಿದ್ದರೆ ಬೇನೆ ಇಲ್ಲವೆಂಬ ಲೆಕ್ಕ. ಅವರನ್ನು ಆಡಿ ಫಲವಿಲ್ಲ. ಕನ್ನಡಕ ಹಾಕಿದಾಗ ನಾನೂ ಇದೇ ಲೆಕ್ಕ ಮಾಡಿದ್ದೆನಲ್ಲ.

ವಾರದೊಳಗೆ ನಮ್ಮ ಕೋಣೆಯ ಎಂಟರಲ್ಲಿ ಐದು ಜನರಿಗೆ ಕಣ್ಣು ಬಂತು. ಅವರಲ್ಲೊಬ್ಬ ಕ್ಲೀನರ್ ಹುಡುಗ. ಊರಿನಿಂದ ಬಂದು ಆರು ತಿಂಗಳಾಗಿತ್ತಷ್ಟೇ. ಆಸ್ಪತ್ರೆಗೆ ಹೋದರೆ ಅರ್ಧ ದಿನ ಹೋಗುತ್ತದೆಂದು ಮೆಡಿಕಲ್ ಶಾಪಿನಲ್ಲಿ ಕಣ್ಣು ತೋರಿಸಿ ಒಂದು ಸೀಸೆ ಹನಿ ಮದ್ದು ತಂದ. ಎರಡೇ ದಿನದಲ್ಲಿ ಕೆಂಪು ಇಳಿಯಿತು, ನಾವೆಲ್ಲ ಅವನನ್ನು ಹೊಗಳಿದೆವು. ಮತ್ತೆ ಒಂದು ವಾರದ ಮೇಲೆ ಬೆಳಕು ನೋಡಲಾಗದು, ಬರೆದದ್ದು ಮಂಜು ಮಂಜು. ಸರಕಾರಿ ಆಸ್ಪತ್ರೆಯ ಡಾಕ್ಟರರು ಸೀಸೆ ನೋಡಿ ತಲೆ ಅಲ್ಲಾಡಿಸಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಈ ಬೇನೆಯ ವೈರಸ್ಸು ಕೆಲವರಿಗೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಸಣ್ಣ ಸಣ್ಣ ಚುಕ್ಕೆ ಮೂಡಿಸುತ್ತದೆಯೆಂದೂ, ಹೇಳಕೇಳದೆ ಸ್ಟೀರಾಯ್ಡ್ ಹಾಕಿದರೆ ಕೆಂಪು ಮಾತ್ರ ಅಡಗಿ ಬೇನೆ ಒಳಗೇ ಉದ್ದಕ್ಕೆ ಬೆಳೆಯಬಹುದೆಂದೂ ಅವರು ಹೇಳಿದರು. ಹತ್ತೊಂಬತ್ತು ದಿನದ ಹಾಜರಿ ಹೋಯಿತು. ತಿಂಗಳುಗಟ್ಟಲೆ ಓಡಾಡಿದ ಮೇಲೆ ಕಣ್ಣು ಉಳಿಯಿತು. ಈಗಲೂ ರಾತ್ರಿ ದೀಪದ ಸುತ್ತ ಬಳೆಯ ಹಾಗೆ ಕಾಣುತ್ತದೆಂದು ಹೇಳುತ್ತಾನೆ.

ಅವನಿಗೆ ಬೇನೆ ಕೊಟ್ಟವನು ನಾನೇ ಎಂಬುದು ನನ್ನ ಎಣಿಕೆ. ಅವನ ಬೈರಾಸು ನನ್ನ ಬೈರಾಸಿನ ಪಕ್ಕದ್ದು. ಅವನು ಒಮ್ಮೆಯೂ ಹಾಗೆಂದು ಆಡಲಿಲ್ಲ. ಆಡಿದ್ದರೆ ಭಾರ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಈಗ ಬೇನೆಯ ವಿಷಯ ತಿಳಿಯತಕ್ಕದ್ದನ್ನು ತಿಳಿದುಕೊಳ್ಳೋಣ. ತಿಳಿಯದೆ ಹೆದರುವುದೂ ತಪ್ಪು, ತಿಳಿಯದೆ ಧೈರ್ಯ ಮಾಡುವುದೂ ತಪ್ಪು.

ನಮ್ಮ ಕಡೆ ಇದಕ್ಕೆ ಕೆಂಗಣ್ಣು, ಕಣ್ಣು ಬೇನೆ ಎನ್ನುವರು. ಇಲ್ಲಿಯ ತೆಲುಗಿನವರು ಕಂಡ್ಲಕಲಕ ಎನ್ನುವರು, ಹಿಂದಿ ಉರ್ದುವಿನವರು ಆಂಖ್ ಆಯೀ ಎನ್ನುವರು. ಪೇಟೆಯಲ್ಲಿ ಎಲ್ಲರಿಗೂ ತಿಳಿದ ಹೆಸರು ಮದ್ರಾಸ್ ಐ. 1918ರಲ್ಲಿ ಮದ್ರಾಸಿನಲ್ಲಿ ಮೊದಲು ಗುರುತಿಸಿದರೆಂದು ಆ ಹೆಸರು ಬಂದುದಾಗಿ ಹೇಳುತ್ತಾರೆ. 1969ರಲ್ಲಿ ಆಫ್ರಿಕದ ಘಾನಾ ದೇಶದಲ್ಲಿ ಇದರದೊಂದು ಹೊಸ ಬಗೆ, ಕಣ್ಣಿನ ಬಿಳಿಯಲ್ಲಿ ರಕ್ತ ಒಸರುವಂಥದು, ಕಾಣಿಸಿಕೊಂಡಿತು. ಅದೇ ವರ್ಷ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದರಿಂದ ಅಲ್ಲಿಯ ಜನ ಅದನ್ನು ಅಪೋಲೋ 11 ಬೇನೆ ಎಂದರು. ಎರಡು ವರ್ಷದಲ್ಲಿ ಅದು ನಮ್ಮ ದೇಶಕ್ಕೂ ಬಂತು. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದ ಸಮಯ. ಪಶ್ಚಿಮ ಬಂಗಾಳದವರು ಬೇನೆಗೆ ಜಯ್ ಬಾಂಗ್ಲಾ ಎಂದು ಹೆಸರಿಟ್ಟರು. ನೋಡಿ, ಬೇನೆಗೆ ಹೆಸರಿಡುವಾಗ ಯಾರೂ ತಮ್ಮ ಊರಿನ ಹೆಸರಿಡುವುದಿಲ್ಲ. ಚಂದ್ರನ ಮೇಲೆ ಹಾಕಿಯಾರು, ಮನೆ ಮಠ ಬಿಟ್ಟು ಓಡಿಬಂದವರ ಮೇಲೆ ಹಾಕಿಯಾರು. ಹೋಟೆಲಿನೊಳಗೆ ಆ ಪಾಲು ಯಾವಾಗಲೂ ಕ್ಲೀನರ್ ಹುಡುಗನದು. ಬೇನೆ ಯಾರಿಂದಲೇ ಬಂದಿರಲಿ, "ಅವನೇ ತಂದದ್ದು" ಎಂಬ ಮಾತು ಅವನ ತಲೆಯ ಮೇಲೆ.

ನೋಟದಿಂದ ಈ ಬೇನೆ ಹರಡುವುದಿಲ್ಲ. ಕೆಂಪು ಕಣ್ಣಿನವನನ್ನು ನೋಡಿದರೆ ನಮಗೂ ಬರುತ್ತದೆಂಬುದು ಸುಳ್ಳು. ಕಪ್ಪು ಕನ್ನಡಕ ಹಾಕಿಕೊಂಡರೆ ಇನ್ನೊಬ್ಬರಿಗೆ ಬರುವುದಿಲ್ಲವೆಂಬುದೂ ಅಷ್ಟೇ ಸುಳ್ಳು. ಕನ್ನಡಕ ಬಿಸಿಲಿಗೆ ಕಣ್ಣು ಚುಚ್ಚದಂತೆ ಕಾಯುತ್ತದೆ, ಅಷ್ಟೇ ಅದರ ಉಪಕಾರ. ಬೇನೆ ಹೋಗುವುದು ಕೈಯಿಂದ. ಕಣ್ಣೊರೆಸಿದ ಕೈ ನೀರಿನ ಜಗ್ಗನ್ನು ಮುಟ್ಟುತ್ತದೆ, ಬಾಗಿಲ ಹಿಡಿಯನ್ನು ಮುಟ್ಟುತ್ತದೆ, ಚಿಲ್ಲರೆಯನ್ನು ಮುಟ್ಟುತ್ತದೆ. ಅದನ್ನು ಮುಟ್ಟಿದ ಇನ್ನೊಬ್ಬನ ಕೈ ಅವನ ಕಣ್ಣಿಗೆ ಹೋಗುತ್ತದೆ. ಬೈರಾಸು, ತಲೆದಿಂಬು, ಮೇಜು ಒರೆಸುವ ಬಟ್ಟೆ ಇವು ಬೇನೆಯ ಬಸ್ಸುಗಳು. ಹೆಚ್ಚಾಗಿ ಇದಕ್ಕೆ ಕಾರಣವಾದ ಅಡಿನೋ ವೈರಸ್ಸು ಒಣಗಿದ ಮೇಲ್ಮೈಯ ಮೇಲೂ ಹಲವು ದಿನ, ಕೆಲವು ಸಲ ವಾರಗಳ ತನಕ, ಜೀವ ಹಿಡಿದುಕೊಂಡಿರಬಲ್ಲದು. 2020ರ ಕೊರೋನಾ ಕಾಲದಲ್ಲಿ ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಸೀಸೆಯೇ ಸಾಕೆಂದುಕೊಂಡವರಿಗೆ ಒಂದು ಮಾತು: ಈ ವೈರಸ್ಸು ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವಂಥದಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯುವುದೇ ಮೇಲು. ಮೇಜು, ಹಿಡಿಕೆಗಳಿಗೆ ಬ್ಲೀಚಿಂಗ್ ನೀರು ಒಳ್ಳೆಯದು.

ಅಬಿಡ್ಸಿನಂಥ ಜಾಗದಲ್ಲಿ ಈ ಕೈಗಳ ಸಂಖ್ಯೆಯನ್ನು ಸ್ವಲ್ಪ ಯೋಚಿಸಿರಿ. ನಿಜಾಮರ ಕಾಲದಲ್ಲಿ ಆಬಿದ್ ಎಂಬವನ ಅಂಗಡಿಯಿಂದ ಹೆಸರು ಪಡೆದ ಪೇಟೆಯಿದು. ಅಂದಿನಿಂದ ಇಂದಿನವರೆಗೆ ಜನ ಬಂದು ಹೋಗುವುದೇ ಇದರ ಬದುಕು. ದೊಡ್ಡ ಪೋಸ್ಟಾಫೀಸಿಗೆ ಬಂದವರು, ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದವರು, ಕೋಠಿಯಿಂದ ನಡೆದು ಬಂದವರು, ಭಾನುವಾರ ಫುಟ್‌ಪಾತಿನ ಹಳೆಯ ಪುಸ್ತಕ ತಿರುವಿ ಹಾಕಿದವರು, ಎಲ್ಲರೂ ಒಂದು ಲೋಟ ಕಾಫಿಗೆ ನಮ್ಮ ಮೇಜಿಗೆ ಬರುವವರೇ. ಅವರಿಂದ ನಮಗೆ, ನಮ್ಮಿಂದ ಅವರಿಗೆ.

ಅಡಿಗೆಮನೆಯವರು ಒಂದು ವಿಷಯ ಕೇಳುತ್ತಾರೆ: ಕಾವಲಿಯ ಮುಂದೆ ನಿಂತವನ ಕಣ್ಣು ಯಾವಾಗಲೂ ಕೆಂಪೇ ಅಲ್ಲವೇ, ಬೇನೆಯೆಂದು ತಿಳಿಯುವುದು ಹೇಗೆ? ಸರಿಯಾದ ಪ್ರಶ್ನೆ. ಹೊಗೆ, ಒಗ್ಗರಣೆಯ ಘಾಟು, ನೀರುಳ್ಳಿ ಇವುಗಳಿಂದ ಕೆಂಪಾದ ಕಣ್ಣು, ಅಲ್ಲಿಂದ ಈಚೆ ಬಂದು ತಣ್ಣೀರಿನಲ್ಲಿ ತೊಳೆದರೆ ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತದೆ. ಎರಡೂ ಕಣ್ಣು ಬರೀ ತುರಿಸಿ, ಸೀನು ಬಂದು, ಪ್ರತಿ ವರ್ಷ ಅದೇ ಕಾಲಕ್ಕೆ ಬರುವುದಾದರೆ ಅದು ಅಲರ್ಜಿ, ಅಂಟುವುದಿಲ್ಲ. ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವುದು, ಮರಳು ಬಿದ್ದಂತಾಗುವುದು, ನೀರು ಗೀಜು ನಿಲ್ಲದಿರುವುದು, ಒಂದು ಕಣ್ಣಿನಲ್ಲಿ ಹಿಡಿದು ಒಂದೆರಡು ದಿನದಲ್ಲಿ ಇನ್ನೊಂದಕ್ಕೆ ಹೋಗುವುದು, ಇವು ಕಂಡರೆ ಅಂಟುಬೇನೆಯೆಂದೇ ನಡೆದುಕೊಳ್ಳಬೇಕು. ಸಂಶಯವಿದ್ದರೂ ಹಾಗೆಯೇ. ಸಾಮಾನ್ಯವಾಗಿ ಐದಾರು ದಿನದಿಂದ ಎರಡು ವಾರದೊಳಗೆ ತಾನಾಗಿ ಗುಣವಾಗುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ ಹನಿ ತಾಗುವುದಿಲ್ಲ. ಹಳದಿ ಕೀವಿನ ಬಗೆಗೆ ಮಾತ್ರ ಅದರ ಪ್ರಯೋಜನ, ಅದನ್ನು ಹೇಳಬೇಕಾದವರು ಡಾಕ್ಟರರು. ಶುದ್ಧ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಕಣ್ಣಿಗಿಡುವುದರಿಂದ ಹಾಯೆನಿಸುತ್ತದೆ. ಎದೆಹಾಲು, ಜೇನು, ಇನ್ನೇನೇನೋ ಸೊಪ್ಪಿನ ರಸ ಇವನ್ನು ಕಣ್ಣಿಗೆ ಹಿಂಡುವವರು ನಮ್ಮಲ್ಲಿನ್ನೂ ಇದ್ದಾರೆ. ದಯವಿಟ್ಟು ಬೇಡ. ನೋವು ಹೆಚ್ಚಾದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಂಜಾದರೆ ಒಂದು ದಿನವೂ ತಡೆಯದೆ ಕಣ್ಣಿನ ಆಸ್ಪತ್ರೆಗೆ ಹೋಗತಕ್ಕದ್ದು. ಸರೋಜಿನಿ ದೇವಿ ಆಸ್ಪತ್ರೆ ಸರಕಾರದ್ದು, ಅಬಿಡ್ಸಿನಿಂದ ದೂರವಿಲ್ಲ. ಬಂಜಾರಾ ಹಿಲ್ಸಿನಲ್ಲಿ 1987ರಲ್ಲಿ ಆರಂಭವಾದ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿಯೂ ಕೈಯಲ್ಲಿ ಹಣವಿಲ್ಲದವರಿಗೆ ಚಿಕಿತ್ಸೆಯುಂಟು.

ಇನ್ನು ಹಣದ ಮಾತು. ಮನೆಯಲ್ಲಿರಬೇಕೇ ಎಂಬುದನ್ನು ನಮ್ಮವರು ಕಣ್ಣು ನೋಡಿ ತೀರ್ಮಾನಿಸುವುದಿಲ್ಲ, ಕಿಸೆ ನೋಡಿ ತೀರ್ಮಾನಿಸುತ್ತಾರೆ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಹೋಟೆಲಿಗೆ ಇ.ಎಸ್.ಐ. ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಅದರೊಳಗೆ ಬರುತ್ತಾರೆ. 1948ರ ಆ ಕಾಯಿದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ, ಸೌಲಭ್ಯ ನಿಂತಿಲ್ಲ. 15,000 ರೂಪಾಯಿ ಸಂಬಳದವನಿಂದ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 112 ರೂಪಾಯಿ 50 ಪೈಸೆ ಮುರಿಯುತ್ತಾರೆ. ಯಜಮಾನರು ನೂರಕ್ಕೆ ಮೂರೂಕಾಲರಂತೆ 487 ರೂಪಾಯಿ 50 ಪೈಸೆ ಹಾಕಬೇಕು. ಇದಕ್ಕೆ ಬದಲು, ಇ.ಎಸ್.ಐ. ಡಾಕ್ಟರರು ಸರ್ಟಿಫಿಕೇಟು ಕೊಟ್ಟರೆ ಬೇನೆಯ ದಿನಗಳಿಗೆ ದಿನಗೂಲಿಯ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನದವರೆಗೆ ಭತ್ಯೆ ಸಿಗುತ್ತದೆ. ಆದರೆ ಇದರಲ್ಲೊಂದು ಗಂಟಿದೆ. ಮೊದಲ ಎರಡು ದಿನಕ್ಕೆ ಏನೂ ಇಲ್ಲ. ದಿನಕ್ಕೆ 500 ರೂಪಾಯಿ ಬೀಳುವವನು ಐದು ದಿನ ಮಲಗಿದನೆನ್ನಿ. ಕಳೆದುಕೊಂಡದ್ದು 2,500. ಸಿಗುವುದು ಮೂರು ದಿನಕ್ಕೆ 350ರಂತೆ 1,050. ಕ್ಷಯ, ಕಾಲು ಮುರಿತ ಇಂಥ ದೊಡ್ಡ ಬೇನೆಗೆ ಈ ಎರಡು ದಿನ ಲೆಕ್ಕಕ್ಕಿಲ್ಲ; ಕಣ್ಣು ಬೇನೆಯಂಥ ಸಣ್ಣದಕ್ಕೆ ಅದೇ ಅರ್ಧ ಪಾಲು. ಅಲ್ಲದೆ ಆರು ತಿಂಗಳ ಕಂತಿನ ಅವಧಿಯಲ್ಲಿ ಕಡಿಮೆಯೆಂದರೆ 78 ದಿನದ ಕಂತು ಕಟ್ಟಿರಬೇಕೆಂಬ ಷರತ್ತುಂಟು. ಆ ಅವಧಿ ಕಳೆದ ಮೇಲೆಯೇ ಹಣದ ಹಕ್ಕು. ಹೊಸದಾಗಿ ಬಂದ ಹುಡುಗನಿಗೆ ಚಿಕಿತ್ಸೆ ಮೊದಲ ದಿನದಿಂದಲೇ ಉಂಟು, ಹಣ ಮಾತ್ರ ಕಾಯಬೇಕು.

ಆ ಎರಡು ದಿನವನ್ನು ತುಂಬಿಸುವ ದಾರಿ ಬೇರೆ ಕಡೆಯಿದೆ. ಈ ರಾಜ್ಯದಲ್ಲಿ ನಡೆಯುವ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ, ಬೇನೆಯ ಕಾರಣಕ್ಕೆ ವರ್ಷಕ್ಕೆ ಹನ್ನೆರಡು ದಿನದವರೆಗೆ ಸಂಬಳ ಸಹಿತ ರಜೆ ಬರೆದಿದೆ. ಹೋಟೆಲೂ ಅದರೊಳಗೆ ಬರುತ್ತದೆ. ನಮ್ಮ ಸಂಘಕ್ಕೆ ಬರುವ ಸಪ್ಲೈಯರುಗಳನ್ನು ಇದರ ಬಗ್ಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ನಗುತ್ತಾರೆ. ಕಾಗದದ ಮೇಲಿನ ರಜೆ ಹಾಜರಿ ಪುಸ್ತಕದ ತನಕ ಬಂದಿಲ್ಲ. ತರುವುದು ನಮ್ಮ ಕೆಲಸ, ಸಂಘದ ಕೆಲಸ. ಅದು ತಾನಾಗಿ ನಡೆದು ಬರುವುದಿಲ್ಲ.

ಮಾಲಿಕರೊಡನೆ ನಮಗೆ ಈ ವಿಷಯದಲ್ಲಿ ಜಗಳವಾಡಬೇಕೆಂಬ ಹಟವಿಲ್ಲ. ಅವರಲ್ಲಿ ಎಷ್ಟೋ ಜನ ಒಂದು ಕಾಲದಲ್ಲಿ ನಮ್ಮಂತೆಯೇ ತಟ್ಟೆ ತೊಳೆದು ಮೇಲೆ ಬಂದವರು. ಬೆಳಗಿನ ಹೊತ್ತಿನಲ್ಲಿ ಒಬ್ಬ ದೋಸೆ ಭಟ್ಟರು ಇಲ್ಲದಿದ್ದರೆ ಏನಾಗುತ್ತದೆಂಬುದು ನಮಗೂ ಗೊತ್ತು. ಆದರೆ ಅವರು ತಮ್ಮ ಅಡಿಗೆಮನೆಯ ಗೋಡೆಯನ್ನೇ ಒಮ್ಮೆ ನೋಡಲಿ. ಅಲ್ಲಿ ಆಹಾರ ಸುರಕ್ಷತೆಯ ಲೈಸೆನ್ಸು ಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ. ಅದಕ್ಕೆ ಸಂಬಂಧಪಟ್ಟ 2011ರ ನಿಯಮಗಳಲ್ಲಿ, ಅಂಟುಬೇನೆಯಿರುವವನಿಗೆ ಆಹಾರ ಮುಟ್ಟುವ ಕೆಲಸ ಕೊಡಕೂಡದೆಂದಿದೆ; ವರ್ಷಕ್ಕೊಮ್ಮೆ ನಾವು ತರುವ ದೇಹಪರೀಕ್ಷೆಯ ಸರ್ಟಿಫಿಕೇಟಿನಲ್ಲಿ ಕಣ್ಣಿನ ಪರೀಕ್ಷೆಗೂ ಒಂದು ಸಾಲಿದೆ. ಲೋಕಕ್ಕೆಲ್ಲ ಆಹಾರದ ಶುಚಿಯ ಮಾದರಿ ಬರೆಯುವ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಲ್ಲಿಯೂ, ಕಿವಿ, ಕಣ್ಣು, ಮೂಗಿನಿಂದ ಸೋರುತ್ತಿದ್ದರೆ ಕೆಲಸಗಾರನು ಅದನ್ನು ಮೇಲಿನವರಿಗೆ ತಿಳಿಸತಕ್ಕದ್ದು ಎಂದಿದೆ. ತಿಳಿಸಿದವನ ಹಾಜರಿ ಮುರಿದರೆ ಮರುದಿನ ಯಾರು ತಿಳಿಸುತ್ತಾರೆ? ಒಬ್ಬನಿಗೆ ಐದು ದಿನದ ಸಂಬಳ ಕೊಡಲೊಲ್ಲದೆ ಐದು ಜನರ ಬೇನೆಯನ್ನು ಕೊಂಡುಕೊಳ್ಳುವ ವ್ಯಾಪಾರ ಇದು. 2023ರಲ್ಲಿ ನಾನಿದ್ದ ಹೋಟೆಲಿನಲ್ಲಿ ಆದದ್ದು ಇದೇ. ಆ ವಾರದ ಕಡೆಗೆ ಮೇಜಿಗೆ ಹೋಗಲು ಜನವಿಲ್ಲದೆ ಗಲ್ಲಾದವರೇ ಎದ್ದು ಕಾಫಿ ಕೊಟ್ಟರು.

ಮಾಲಿಕರನ್ನು ಕೇಳುವುದು ದೊಡ್ಡದೇನಲ್ಲ. ಕಣ್ಣು ಬೇನೆ ಬಂದವನಿಗೆ ಡಾಕ್ಟರರು ಹೇಳಿದಷ್ಟು ದಿನ ರಜೆ; ಮೊದಲ ಎರಡು ದಿನ ಪೂರ್ತಿ ಸಂಬಳ, ಉಳಿದ ದಿನಕ್ಕೆ ಇ.ಎಸ್.ಐ. ಇಲ್ಲದವನಿಗೂ ಸಂಬಳ. ಮಲಗಲು ಬೇರೆ ಜಾಗ, ಉಗ್ರಾಣದ ಮೂಲೆಯಾದರೂ ಆದೀತು, ಗಾಳಿ ಬಂದರೆ ಸರಿ. ತಲೆಗೊಂದು ಬೈರಾಸು, ಅದರ ಮೇಲೆ ಗುರುತು. ಕೈ ತೊಳೆಯುವಲ್ಲಿ ಸಾಬೂನು, ಬರೀ ಗಿರಾಕಿಗಳ ನಲ್ಲಿಯಲ್ಲಿ ಮಾತ್ರವಲ್ಲ, ಒಳಗಿನ ನಲ್ಲಿಯಲ್ಲಿಯೂ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟುಬಿಟ್ಟರೆ ಪಕ್ಷಪಾತವಾಗುತ್ತದೆ. ಬಾಂಧವರೇ, ಬೇನೆಯನ್ನು ಮುಚ್ಚಿಡುವ ಚಾಳಿ ನಮ್ಮದು. ಪಕ್ಕದವನ ಕಣ್ಣು ಕೆಂಪಾದುದನ್ನು ಕಂಡರೂ "ನಮಗೇಕೆ" ಎಂದು ಸುಮ್ಮನಿರುವವರು ನಾವು. ಆಮೇಲೆ ನಮಗೆ ಬಂದಾಗ ಅವನನ್ನೇ ಬೈಯುವವರೂ ನಾವು. ಒಬ್ಬನ ಸೀಸೆಯ ಮದ್ದನ್ನು ನಾಲ್ಕು ಜನ ಹಾಕಿಕೊಳ್ಳುವುದು ಸ್ನೇಹವಲ್ಲ, ಸೀಸೆಯ ತುದಿಯಿಂದಲೇ ಬೇನೆ ಕಣ್ಣಿಂದ ಕಣ್ಣಿಗೆ ಹೋಗುತ್ತದೆ. ಒಂದು ದಿನದ ರಜೆ ಸಿಕ್ಕಿದರೆ ಕಣ್ಣು ಬೇನೆಯಲ್ಲೇ ಸಿನಿಮಾಕ್ಕೆ ಹೋದವರನ್ನೂ ನಾವು ಬಲ್ಲೆವು. ಅಂಥವನೊಬ್ಬನಿಂದ ಹತ್ತು ಜನರ ರಜೆಯ ಕೋರಿಕೆ ಹಾಳಾಗುತ್ತದೆ.

ಆದರೂ ಮುಚ್ಚಿಡುವುದಕ್ಕೆ ಸಂಬಳಕ್ಕಿಂತ ದೊಡ್ಡ ಕಾರಣವೊಂದಿದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವು ಹೇಳುತ್ತೇವೆ. ಅದು ಬದಲಿಯ ಭಯ. ಐದು ದಿನ ಮಲಗಿದರೆ ಆ ಜಾಗಕ್ಕೆ ಬದಲಿ ಆಳು ಬರುತ್ತಾನೆ. ಅವನು ಇನ್ನೂರು ರೂಪಾಯಿ ಕಡಿಮೆಗೆ ಒಪ್ಪಿಕೊಂಡರೆ ಆರನೆಯ ದಿನ ಹಳಬನಿಗೆ "ಸ್ವಲ್ಪ ದಿನ ನೋಡೋಣ" ಎಂಬ ಉತ್ತರ. ಬೇನೆಯ ಭತ್ಯೆ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯಕೂಡದೆಂದು 1948ರ ಕಾಯಿದೆಯ 73ನೆಯ ಕಲಮಿನಲ್ಲಿಯೇ ಬರೆದಿದ್ದರು. ಆದರೆ ಹೆಸರೇ ಪುಸ್ತಕದಲ್ಲಿಲ್ಲದವನಿಗೆ ಯಾವ ಕಲಮು? ಹಾಗೆ ಬಂದ ಬದಲಿಯವನೂ ಹೊರಗಿನವನಲ್ಲ. ನಮ್ಮ ಊರಿನವನೇ, ಅವನಿಗೂ ಹೊಟ್ಟೆಯಿದೆ. ಇದನ್ನು ಮಾಲಿಕರ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾವೊಂದು ಸೂಚನೆ ಇಟ್ಟಿದ್ದೇವೆ. ಕೆಲಸವಿಲ್ಲದೆ ಇರುವ ಅಡಿಗೆಯವರು, ಸಪ್ಲೈಯರುಗಳು, ಕ್ಲೀನರುಗಳ ಹೆಸರಿನ ಒಂದು ಪಟ್ಟಿ ಕಚೇರಿಯಲ್ಲಿರಲಿ. ಬೇನೆ ಬಿದ್ದವನ ಹೋಟೆಲಿಗೆ ಆ ಪಟ್ಟಿಯಿಂದ ಸಂಘವೇ ಬದಲಿಯನ್ನು ಕಳಿಸಲಿ. ಬದಲಿಯವನು ಹಳಬನ ಸಂಬಳದ ದರಕ್ಕಿಂತ ಕಡಿಮೆಗೆ ನಿಲ್ಲಕೂಡದು. ಹಳಬನು ಬಂದ ದಿನ ಜಾಗ ಬಿಟ್ಟು ಕೊಡತಕ್ಕದ್ದು. ಜಾಗ ಬಿಡದವನ ಹೆಸರು ಪಟ್ಟಿಯಲ್ಲಿ ಮತ್ತೆ ಬರುವುದಿಲ್ಲ. ಮಾಲಿಕರಿಗೂ ಇದರಿಂದ ಅನುಕೂಲ. ಬೆಳಿಗ್ಗೆ ಐದಕ್ಕೆ ಆಳು ಹುಡುಕುತ್ತ ಅಲೆಯಬೇಕಾಗಿಲ್ಲ. ಸಮಿತಿಯಲ್ಲಿ ಕೆಲವರು, ಸಂಘವು ಆಳು ಸರಬರಾಜಿನ ಏಜೆಂಟನಾಗುವುದೇ ಎಂದು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆವು. ಕಮಿಷನ್ ಎಂಬ ಮಾತು ಒಮ್ಮೆ ಒಳಗೆ ಬಂದರೆ ಪಟ್ಟಿಯೂ ಕೆಡುತ್ತದೆ, ಸಂಘವೂ ಕೆಡುತ್ತದೆ. ಒಂದು ಪೈಸೆ ಮುಟ್ಟದೆ ನಡೆಸುವುದಾದರೆ ಮಾತ್ರ ನಡೆಸಬೇಕು. ಮುಂದಿನ ಸಭೆಯಲ್ಲಿ ಇದು ತೀರ್ಮಾನವಾಗಬೇಕು. ಸದಸ್ಯರು ಬಂದು ತಮ್ಮ ಮಾತು ಹೇಳಬೇಕಾಗಿ ವಿನಂತಿ. ಬರುವಾಗ ಇ.ಎಸ್.ಐ. ನಂಬರು ಬರೆದುಕೊಂಡು ಬನ್ನಿ. ನಂಬರೇ ಇಲ್ಲದವರು ತಪ್ಪದೆ ಬನ್ನಿ.

ಮೊನ್ನೆ ರಾತ್ರಿ ಬಂದ ಹುಡುಗನಿಗೆ ನಾವು "ಹೋಗಬೇಡ" ಎಂದೆವು. ಹಾಗೆಂದ ಮೇಲೆ ಅವನನ್ನು ಆ ಎಂಟು ಚಾಪೆಯ ಕೋಣೆಗೆ ಹಿಂದಕ್ಕೆ ಕಳಿಸಲು ಮನಸ್ಸು ಬರಲಿಲ್ಲ. ಕಚೇರಿಯ ಹಿಂದಿನ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಒತ್ತಿಟ್ಟು ಚಾಪೆ ಹಾಕಿಕೊಟ್ಟಿದ್ದೇವೆ. ಒಂದು ಹೊಸ ಬೈರಾಸು, ಒಂದು ಸಾಬೂನು, ಬೇರೆ ಲೋಟ. ನಿನ್ನೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದ್ದೂ ಆಯಿತು. ಕರಿಗುಡ್ಡೆಗೆ ಏನೂ ಆಗಿಲ್ಲ, ಒಂದು ವಾರ ಎಂದರು. ಊಟವನ್ನು ಅವನ ಹೋಟೆಲಿನ ಭಟ್ಟರೇ ಎರಡು ಹೊತ್ತೂ ಕಳಿಸಿಕೊಡುತ್ತಿದ್ದಾರೆ, ಯಜಮಾನರಿಗೆ ತಿಳಿದೋ ತಿಳಿಯದೆಯೋ ನಾವು ವಿಚಾರಿಸಿಲ್ಲ. ನಾಳೆ ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿ ಕಡಿಮೆಯಿರುವ ಹೊತ್ತು ನೋಡಿಕೊಂಡು, ನಾವಿಬ್ಬರು ಯಜಮಾನರನ್ನು ಕಾಣಲಿದ್ದೇವೆ. ಅವನ ಜಾಗ ಅವನಿಗೇ ಉಳಿದಿದೆಯೇ ಇಲ್ಲವೇ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.